ಬಿಳಿಕಲ್ಲು ಮಡುವಿನ ಮೊದಲ ಮೀನು

ಕಿಲ್‌ವಾರಿ, ಸದರ್‌ಲ್ಯಾಂಡ್
ಮಾರ್ಚ್ ೨೬

ಪ್ರೀತಿಯ ತಂಗಿ ಮೊರಾಗ್‌ಗೆ,

ನಿನ್ನ ಮೂರು ಕಾಗದವೂ ಬಂದವು. ಉತ್ತರ ತಡವಾಯಿತು, ಬೈದುಕೋ. ಬೇಗ ಶಾಲೆ ಬಿಟ್ಟವನಿಗೆ ಪೆನ್ನು ಹಿಡಿಯುವುದೆಂದರೆ ಹಲ್ಲು ಕೀಳಿಸಿಕೊಂಡ ಹಾಗೆ. ಟಾರ್ಕಿಲ್‌ನನ್ನು ಮಣ್ಣು ಮಾಡಿದ ದಿನ ನಿನ್ನ ಮನೆಯಲ್ಲಿ ಚಹಾ ಕೂಡ ಕುಡಿಯದೆ ಎದ್ದುಬಂದೆ ಎಂದು ಸಿಟ್ಟಾಗಿದ್ದೀಯ. ನೀನು ನನ್ನನ್ನು ಕೂರಿಸಲು ಹೊರಟಿದ್ದು ಅವನ ಕುರ್ಚಿಯಲ್ಲಿ. ನಿನ್ನ ಗಂಡನ ಕುರ್ಚಿಯಲ್ಲಿ ನಾನು ಹೇಗೆ ಕೂರಲಿ?

ಆ ದಿನ ಏನಾಯಿತು, ಅವನು ಕೊನೆಗೆ ಏನಾದರೂ ಹೇಳಿದನೇ ಎಂದು ಮೂರು ಕಾಗದದಲ್ಲೂ ಕೇಳಿದ್ದೀಯ. ಬರೆಯುತ್ತೇನೆ.

ಫೆಬ್ರುವರಿ ಹನ್ನೊಂದು, ಮೀನು ಹಿಡಿಯಲು ನದಿ ತೆರೆಯುವ ದಿನ. ನಾನೂ ಟಾರ್ಕಿಲ್‌ನೂ ಜೌಗಿನಲ್ಲಿ ಏಳು ಮೈಲಿ ನಡೆದು ಬಿಳಿಕಲ್ಲು ಮಡು ಮುಟ್ಟಿದೆವು. ದಡದಲ್ಲಿ ಇನ್ನೂ ಮಂಜುಗಡ್ಡೆ. ಹಿರಿಯನಾದವನು ಮೊದಲ ಗುಟುಕು ವಿಸ್ಕಿಯನ್ನು ನೀರಿಗೆ ಹೊಯ್ಯಬೇಕಲ್ಲ, ಅದಕ್ಕೆ ಪ್ರತಿ ವರ್ಷದ ಜಗಳ.

"ಹನ್ನೊಂದು ದಿನ ದೊಡ್ಡೋನು ನಾನು. ಬಾಟ್ಲಿ ಕೊಡೋ ಮುದ್ಕ," ಅಂದ.

"ದೊಡ್ಡೋನಂತೆ! ನನ್ ತಂಗೀನ ಕಟ್ಕೊಂಡ ದಿನಾನೇ ಚಿಕ್ಕೋನಾದೆ ನೀನು."

"ಅವಳ ಕೈಲಿ ಐವತ್ತು ವರ್ಷ ಬೈಸ್ಕೊಂಡಿದೀನಿ. ಅದಕ್ಕಾದ್ರೂ ಮರ್ಯಾದೆ ಬೇಡ್ವೇನೋ?"

ಕೊಟ್ಟೆ. ನದಿಗೆ ಒಂದು ಗುಟುಕು ಹೊಯ್ದು ತಾನು ಎರಡು ಇಳಿಸಿದ. ನಿನ್ನ ಓಟ್ಸ್ ರೊಟ್ಟಿ ತಿಂದೆವು. "ಉಪ್ಪು ಕಮ್ಮಿ. ಅವಳಿಗೆ ಹೇಳ್ಬಿಟ್ಟೀಯ, ನಂಗೆ ಊಟ ಸಿಗಲ್ಲ," ಅಂದ.

ಆಮೇಲೆ ಅವನು ಬಂಡೆಯಾಚೆ, ಕೆಳಗಿನ ತಿರುವಿಗೆ ಹೋದ. ನನ್ನ ಗಾಳಕ್ಕೆ ಈ ವರ್ಷದ ಮೊದಲ ಸಾಲ್ಮನ್ ಬಿತ್ತು. ಬೆಳ್ಳಿಯಂಥ ಮೀನು, ಸಮುದ್ರದಿಂದ ಆಗಷ್ಟೇ ಬಂದದ್ದು, ಅಲ್ಲಿಯ ಹೇನು ಇನ್ನೂ ಮೈಮೇಲಿತ್ತು. ಈ ಕಾಲದ ಮೀನನ್ನು ಮತ್ತೆ ನೀರಿಗೆ ಬಿಡಲೇಬೇಕೆಂಬ ಕಾನೂನು ನಿನಗೇ ಗೊತ್ತು. ಮೂತಿಯನ್ನು ಹರಿವಿಗೆ ಎದುರಾಗಿಟ್ಟು, ಎರಡೂ ಕೈಯಲ್ಲಿ ಹಿಡಿದು, ತಾನಾಗಿ ಬಾಲ ಬಡಿದು ಹೋಗುವವರೆಗೆ ಕಾಯಬೇಕು. ಮೊದಲೇ ಕೈಬಿಟ್ಟರೆ ಹೊಟ್ಟೆ ಮೇಲಾಗಿ ಸಾಯುತ್ತದೆ. ಆ ಮೀನಿಗೆ ಉಸಿರು ಬರಲು ಬಹಳ ಹೊತ್ತು ಹಿಡಿಯಿತು.

ಅದು ಹೋದ ಮೇಲೆ, ಜಂಬ ಕೊಚ್ಚಿಕೊಳ್ಳೋಣವೆಂದು ಬಂಡೆ ಸುತ್ತಿ ಬಂದೆ. ಅವನ ಟೋಪಿ ಸುಳಿಯಲ್ಲಿ ತಿರುಗುತ್ತಿತ್ತು. ಎದೆಮಟ್ಟದ ರಬ್ಬರ್ ಬೂಟಿಗೆ ನೀರು ತುಂಬಿ ಅವನು ತಳ ಹಿಡಿದಿದ್ದ. ನಾನೇ ಎಳೆದು ದಡಕ್ಕೆ ಹಾಕಿದೆ. ಏನೂ ಕೇಳಿಸಲಿಲ್ಲ ಎಂದು ಪೊಲೀಸರಿಗೂ ಹೇಳಿದೆ, ನಿನಗೂ ಹೇಳಿದೆ.

ಸೌದೆ ಒಡೆದಿಟ್ಟಿದ್ದೇನೆ, ಕಳಿಸುತ್ತೇನೆ. ಮಂಡಿಗೆ ಎಣ್ಣೆ ಹಚ್ಚಿಕೋ, ಸೋಮಾರಿತನ ಮಾಡಬೇಡ. ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ.

ನಿನ್ನ ಅಣ್ಣ,
ಫರ್ಕರ್

ತಾ.ಕ.: ಕೇಳಿಸಿತ್ತು, ಮೊರಾಗ್. ಐವತ್ತು ವರ್ಷ ನನ್ನನ್ನು ಮುದ್ಕ ಎಂದೇ ಕರೆದವನು ಅವತ್ತು "ಫರ್ಕರ್!" ಎಂದು ಹೆಸರು ಹಿಡಿದು ಕೂಗಿದ. ಎರಡು ಸಲ. ಮೀನು ಕೈಯಲ್ಲಿತ್ತು. "ಬಾಯ್ಮುಚ್ಚೋ, ಮೀನು ಹೆದರತ್ತೆ," ಎಂದು ಗದರಿದೆ. ಮತ್ತೆ ಅವನು ಕೂಗಲಿಲ್ಲ. ಮೀನು ಬದುಕಿಕೊಂಡು ಹೋಯಿತು.