ಕಿಟಕಿ ಇದೆ, ಅಕ್ಕಾ

ಅಕ್ಕಾ, ಕೂತುಕೊಂಡು ಓದು.

ಕಾಲೇಜಿನ ದಿನಗಳಿಂದ ನಾವು ಜಗಳವಾಡುತ್ತ ಬಂದ ಆ ಕಾದಂಬರಿಯ ಮನೆಯೊಳಗೇ ನಿಂತು ಬರೆಯುತ್ತಿದ್ದೇನೆ. ನಾಯಕಿ ಸೇತುವೆ ನೋಡುತ್ತ ಅಳುವ ಕಿಟಕಿ ಬರೀ ಕಟ್ಟುಕತೆ ಎಂದು ನಿನ್ನ ವಾದ, ನಿಜಕ್ಕೂ ಇದೆ ಎಂದು ನನ್ನದು. ಇದೆ! ಸೇತುವೆಯೂ ಕಾಣುತ್ತದೆ.

ಮನೆ ಈಗ ದರ್ಜಿ ಅಂಗಡಿ. ಕಿಟಕಿಯ ಮರ ತೀರಾ ಹೊಸದಲ್ಲವೇ ಎಂದು ದರ್ಜಿಯನ್ನು ಕೇಳಿದೆ.

"ಹೋದ ವರ್ಷ ಗೋಡೆ ಒಡೆದು ಇಡಿಸಿದ್ದು ಸ್ವಾಮಿ. ಪುಸ್ತಕ ಓದಿ ಬಂದೋರೆಲ್ಲ ಕಿಟಕಿ ಎಲ್ಲಯ್ಯಾ ಅಂತ ನನ್ನೇ ಬೈತಿದ್ರು. ನಾನೇನು ಕದ್ದು ತಿಂದ್ನಾ?"

ಬರೆದವರ ಸುಳ್ಳನ್ನು ನಿಜ ಮಾಡಲು ಗೋಡೆ ಒಡೆಯುವುದೇ! ಮೈಯೆಲ್ಲ ಉರಿಯಿತು.

ಮಂಡಿನೋವು ಕಡಿಮೆ, ನೀನು ಕೊಟ್ಟ ಎಣ್ಣೆ ಮುಗಿಯಿತು. ನಮ್ಮ ಜಗಳಕ್ಕೆ ತೀರ್ಪು ಕೊಡಬೇಕಾದ ಭಾವನಿಗೆ ಮಾತ್ರ 'ಸೇತುವೆಯೂ ಕಾಣುತ್ತದೆ' ಎನ್ನುವವರೆಗೆ ಓದಿ ಹೇಳಿ, ಈ ಕಾರ್ಡನ್ನು ಎತ್ತಿಡು.

ನಿನ್ನ ತಮ್ಮ