ಇಸ್ತ್ರಿ ಶರ್ಟು ಹಾಕಿದವನಿಗೆ ಕಾಯಿಲೆ ಇರಬಾರದೇ?

ಮಾನ್ಯ ಪ್ರಮಾಣಪತ್ರ ಅಧಿಕಾರಿಗಳೇ,

ನನ್ನ ತಮ್ಮ ಮುನಿರಾಜು ನಿಮ್ಮ ಕಣ್ಣಿಗೆ ಹುಚ್ಚನ ಹಾಗೆ ಕಾಣಲಿಲ್ಲ ಎಂಬ ಒಂದೇ ಕಾರಣಕ್ಕೆ ಅವನ ಅಂಗವೈಕಲ್ಯ ಪ್ರಮಾಣಪತ್ರವನ್ನು ನವೀಕರಿಸದೆ ವಾಪಸು ಕಳಿಸಿದ್ದೀರಿ. ಈ ಅಪರಾಧದಲ್ಲಿ ನನ್ನ ಪಾಲೂ ಇದೆ. ಮೂಡಲಪಾಳ್ಯದಲ್ಲಿ ನಮ್ಮದು ಇಸ್ತ್ರಿ ಅಂಗಡಿ. ನಮ್ಮ ಮನೆಯವನು ಮುದುರಿದ ಬಟ್ಟೆಯಲ್ಲಿ ಸರ್ಕಾರಿ ಕಚೇರಿಗೆ ಹೋದರೆ ಮರ್ಯಾದೆ ಏನಾಗಬೇಕು? ಅಮ್ಮ ಎಣ್ಣೆ ಹಚ್ಚಿ ತಲೆ ಬಾಚಿದಳು. ಶರ್ಟಿಗೆ ಗಂಜಿ ಹಾಕಿ ಅವನೇ ಇಸ್ತ್ರಿ ಮಾಡಿಕೊಂಡ. ತೋಳಿನ ಆ ಗೆರೆ ನೋಡಿಯೇ ನೀವು ರೋಗ ವಾಸಿ ಮಾಡಿಬಿಟ್ಟಿರಿ. ಹನ್ನೊಂದು ವರ್ಷದಿಂದ ನೋಡುತ್ತಿರುವ ಡಾಕ್ಟರ ಕೈಲಾಗದ್ದು ನಿಮಗೆ ಮೂರು ನಿಮಿಷದಲ್ಲಿ ಆಯಿತು. ಅಭಿನಂದನೆಗಳು.

ಹೆಸರು ಕೇಳಿದಿರಿ, ಹೇಳಿದ. ಇವತ್ತು ಯಾವ ವಾರ ಎಂದಿರಿ, ಮಂಗಳವಾರ ಎಂದ. ಇಪ್ಪತ್ತರಲ್ಲಿ ಏಳು ಕಳೆ ಎಂದಿರಿ, ಕಳೆದ. "ಚೆನ್ನಾಗೇ ಇದ್ದಾನಲ್ಲಮ್ಮ, ನನಗಿಂತ ನೀಟಾಗಿದ್ದಾನೆ!" ಎಂದು ನಕ್ಕು ಫೈಲನ್ನು ಪಕ್ಕಕ್ಕೆ ತಳ್ಳಿದಿರಿ. ಎರಡನೆಯ ಮಾತು ನಿಜ, ಒಪ್ಪುತ್ತೇನೆ. ಆದರೆ ಸ್ಕಿಜೋಫ್ರೇನಿಯಾ ಇರುವವನು ಲೆಕ್ಕ ಮರೆತಿರಬೇಕು, ಬಟ್ಟೆ ಹರಿದುಕೊಂಡಿರಬೇಕು ಎಂದು ನಿಮಗೆ ಹೇಳಿಕೊಟ್ಟವರು ಯಾರು?

ಆ ಫೈಲು ಓದಿದ್ದರೆ ತಿಳಿಯುತ್ತಿತ್ತು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವನಿಗೆ ಯಾರೂ ಇಲ್ಲದ ಕೋಣೆಯಲ್ಲಿ ಬೈಗುಳ ಕೇಳಿಸತೊಡಗಿತು. ಒಂದಿಡೀ ವರ್ಷ ಗೋಡೆಗೆ ಮುಖ ಮಾಡಿ ಮಲಗಿದ್ದ. ನಾವೂ ನಿಮ್ಮಷ್ಟೇ ಬುದ್ಧಿವಂತರು, ಮೊದಲು ತಾಯತ ಕಟ್ಟಿಸಿದೆವು. ಕೊನೆಗೆ ಅವನನ್ನು ಎಬ್ಬಿಸಿದ್ದು ಮಾತ್ರೆ. ದನಿಗಳು ಹೋಗಿಲ್ಲ, ಸಣ್ಣದಾಗಿವೆ ಅಷ್ಟೆ. ಈಗ ದಿನಾ ಒಬ್ಬನೇ ಬಸ್ಸು ಹತ್ತಿ ಕೆಂಗೇರಿಯ ಹಗಲು ಆರೈಕೆ ಕೇಂದ್ರಕ್ಕೆ ಹೋಗಿ ಬರುತ್ತಾನೆ, ಸಂಜೆ ನನ್ನ ಜೊತೆ ಇಸ್ತ್ರಿಗೆ ನಿಲ್ಲುತ್ತಾನೆ. ಕೇಂದ್ರದ ಸೀಟಿಗೂ ಬಸ್ ಪಾಸಿಗೂ ನಿಮ್ಮ ಪ್ರಮಾಣಪತ್ರವೇ ಆಧಾರ. ಅದು ಈ ತಿಂಗಳಿಗೆ ಮುಗಿಯುತ್ತದೆ. ಆಮೇಲೆ ಅವನಿಗೆ ಉಳಿಯುವುದು ಅದೇ ಗೋಡೆ. ನನಗೆ ಭಯವಾಗುತ್ತಿದೆ ಸ್ವಾಮಿ. ನೀವು ಕನ್ನಡಕ ಹಾಕಿಕೊಂಡು ಓದುತ್ತೀರಿ. ಚೆನ್ನಾಗೇ ಓದುತ್ತೀರಲ್ಲ ಎಂದು ಯಾರಾದರೂ ಕನ್ನಡಕ ಕಿತ್ತುಕೊಂಡರೆ ಸುಮ್ಮನಿರುತ್ತೀರಾ?

ನಮ್ಮ ಮೇಲ್ಮನವಿಗೆ ಮುಂದಿನ ಮಂಗಳವಾರ ಮತ್ತೆ ಬರಹೇಳಿದ್ದೀರಿ. ಮೊನ್ನೆ ಊಟಕ್ಕೆ ಬಡಿಸುತ್ತಾ ಅಮ್ಮ ಕೇಳಿದಳು, "ಅಲ್ಲೀವರ್ಗೂ ಮಾತ್ರೆ ನಿಲ್ಸಿದ್ರೆ ಹೆಂಗೆ ಕಣೇ ಕೋಕಿಲಾ? ಆಗ್ಲಾದ್ರೂ ಅವ್ರಿಗೆ ಗೊತ್ತಾಗುತ್ತೆ."

ಅಮ್ಮನನ್ನು ಬೈಯುವ ಹಕ್ಕು ನನಗಿರಲಿಲ್ಲ. ಹಿಂದಿನ ದಿನ ಅದೇ ಯೋಚನೆ ನನಗೂ ಬಂದಿತ್ತು, ಹೇಳಲು ನಾಚಿಕೆಯಾಗುತ್ತದೆ. ಮುನಿರಾಜು ಮುದ್ದೆ ಮುರಿಯುತ್ತಾ, ತಲೆ ಎತ್ತದೆ ಹೇಳಿದ:

"ಬೇಡ ಕಣಮ್ಮ. ಆ ಬೈಯೋರು ಒಂದ್ಸಲ ಬಂದ್ರೆ, ಆಫೀಸ್ ಕೆಲ್ಸ ಮುಗೀತು ಅಂತ ವಾಪಸ್ ಹೋಗಲ್ಲ."

ಆದ್ದರಿಂದ ಮಾತ್ರೆ ನಿಲ್ಲಿಸುವುದಿಲ್ಲ. ಮಂಗಳವಾರ ಅವನು ಗರಿಗರಿ ಶರ್ಟಿನಲ್ಲೇ ಬರುತ್ತಾನೆ. ಅಷ್ಟರೊಳಗೆ ನೀವು ಡಾಕ್ಟರ ವರದಿ ಓದಿರಬೇಕು. ಇಪ್ಪತ್ತರಲ್ಲಿ ಏಳು ಕಳೆಯುವುದು ಬಿಟ್ಟು, ಹೀಗೆ ತಯಾರಾಗಿ ನಿಮ್ಮೆದುರು ಬಂದು ನಿಲ್ಲಲು ಅವನಿಗೆ ಬೆಳಗಿನಿಂದ ಏನೇನು ಕಷ್ಟವಾಯಿತು ಎಂದು ಕೇಳಬೇಕು. ಉತ್ತರ ಮೂರು ನಿಮಿಷದಲ್ಲಿ ಮುಗಿಯುವುದಿಲ್ಲ. ಅವನಿಗೊಂದು ಕುರ್ಚಿ ಹಾಕಿಸಿ.

ಇಂತಿ,
ತಮ್ಮನನ್ನು ಮುದುರಿಸಿ ಕರೆತರಲು ಒಪ್ಪದ
ಕೋಕಿಲಾ
ಇಸ್ತ್ರಿ ಅಂಗಡಿ, ಮೂಡಲಪಾಳ್ಯ