ಪಾಸಾಗದ ಇಂಜಿನ್

ಮಾಟುಂಗ, ಮುಂಬಯಿ
೧೫-೧೧-೧೯೯೦, ಗುರುವಾರ

ಚಿರಂಜೀವಿ ನಾಣಿಗೆ ನಿನ್ನ ಭಾವನ ಆಶೀರ್ವಾದಗಳು.

ಚಕ್ರ ಒಂದು ಸುತ್ತು ಬಂದರೆ ಇಂಜಿನ್ ನಾಲ್ಕು ಸಲ ಉಸಿರು ಬಿಡಬೇಕು, ನನ್ನದು ಎರಡೇ ಸಲ ಬಿಡುತ್ತದೆ. ನಿನ್ನೆ ಫೋನಿನಲ್ಲಿ ಅದನ್ನೇ ಹೇಳುತ್ತಿದ್ದೆ, ಅಷ್ಟರಲ್ಲಿ ಲೈನ್ ಕಟ್ಟಾಯಿತು. ಬೂತಿನ ಹೊರಗೆ ಜನ ಕಾಯುತ್ತಿದ್ದರು, ಮತ್ತೆ ಮಾಡಲು ಸಂಕೋಚವಾಯಿತು. ನಿನ್ನ ಮೂರು ಕಾಗದಗಳಿಗೆ ನಾನು ಉತ್ತರ ಬರೆದಿಲ್ಲ, ತಪ್ಪಾಯಿತು. ಇನ್‌ಲ್ಯಾಂಡ್ ಲೆಟರ್ ತಂದಿಟ್ಟುಕೊಳ್ಳುತ್ತೇನೆ, ಅರ್ಧ ಬರೆಯುತ್ತೇನೆ, ಅಲ್ಲಿಗೆ ನಿಲ್ಲುತ್ತೇನೆ. ಉಳಿದರ್ಧ ನಿನ್ನ ಅಕ್ಕ ಬರೆಯಲೆಂದು ಬಿಟ್ಟು ಮೂವತ್ತು ವರ್ಷದ ಅಭ್ಯಾಸ ನೋಡು. ಅದಕ್ಕೇ ಈ ಸಲ ಬಿಳಿ ಹಾಳೆ ತಂದಿದ್ದೇನೆ.

ಆರೋಗ್ಯವಾಗಿದ್ದೇನೆ. ಊಟ ಸ್ಟೇಷನ್ ಹತ್ತಿರದ ಮೆಸ್ಸಿನಲ್ಲಿ. ಬಡಿಸುವವನಿಗೆ ನಾನು ಎರಡನೇ ಸಲ ಸಾರು ಕೇಳುವವನು ಅಂತ ಗೊತ್ತು, ಹೆಸರು ಗೊತ್ತಿಲ್ಲ. ಸೋಮವಾರದಿಂದ ಶನಿವಾರದವರೆಗೆ ನನ್ನ ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಭಾನುವಾರ ಮಾತ್ರ ಬಾಂದ್ರಾದಲ್ಲಿ ಕರೆಯುತ್ತಾರೆ. ನಾನೀಗ ಕೇಳಬೇಕೆಂದಿರುವುದೂ ಆ ಭಾನುವಾರದ ವಿಷಯವೇ.

ಬಾಂದ್ರಾದ ದಾರಾಶಾ ಎಂಬ ಪಾರ್ಸಿ ಮುದುಕರ ಹಾಲ್ ತುಂಬ ಆಟದ ರೈಲಿನ ಹಳಿ ಹಾಸಿದೆ ಎಂದು ಹಿಂದೆ ಬರೆದಿದ್ದೆ. ಆಟ ಅಂದರೆ ಅವರಿಗೆ ಸಿಟ್ಟು ಬರುತ್ತದೆ, ‘ಮಾಡೆಲ್’ ಅನ್ನಬೇಕು. ಅಲ್ಲಿ ಏಳೆಂಟು ಜನ ಸೇರುತ್ತೇವೆ. ನಮ್ಮ ಕೂಟದ್ದೊಂದು ಕಟ್ಟಳೆಯಿದೆ. ಯಾರೇ ಹೊಸ ಇಂಜಿನ್ ತರಿಸಲಿ, ಅದು ಮೊದಲು ದಾರಾಶಾ ಅವರ ಹಳಿಯ ಮೇಲೆ ಓಡಬೇಕು. ಉಳಿದವರು ನೋಡಿ, ಆಮೇಲೆ ಕಣ್ಣು ಮುಚ್ಚಿ ಕೇಳಿ, ಒಬ್ಬೊಬ್ಬರಾಗಿ ದೋಷ ಹೇಳಬೇಕು. ಅಷ್ಟು ಹೊತ್ತೂ ಇಂಜಿನ್ನಿನವನು ಬಾಯಿ ಬಿಡುವಂತಿಲ್ಲ. ದೋಷವೆಲ್ಲ ತಿದ್ದಿದ ಮೇಲೆ ‘ಪಾಸ್’. ಪಾಸಾಗುವ ತನಕ ಇಂಜಿನ್ ಮನೆಗೆ ಹೋಗುವುದಿಲ್ಲ.

ನನ್ನದು ಜಪಾನಿನ ಹಿತ್ತಾಳೆಯದು. ಮೊಳದಷ್ಟು ಉದ್ದ, ಕಲ್ಲಿದ್ದಲ ಡಬ್ಬಿಯೊಳಗೆ ಪುಟ್ಟ ಸ್ಪೀಕರ್. ದಾರಾಶಾ ಅವರ ಅಳಿಯ ಹಡಗಿನಲ್ಲಿ ಕೆಲಸ ಮಾಡುತ್ತಾನೆ, ಅವನೇ ತಂದುಕೊಟ್ಟ. ಬೆಲೆ ಕೇಳಬೇಡ, ಪಿ.ಎಫ್. ದುಡ್ಡಿಗೆ ಕೈ ಹಾಕಿದ್ದು ನಿನ್ನ ಅಕ್ಕನಿಗೆ ಮಾತ್ರ ಗೊತ್ತಿತ್ತು. ಅವಳೇ ಒಪ್ಪಿದಳು. ಸ್ಟೇಷನ್ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳು, “ಇಲ್ಲಿನ ಲೋಕಲ್ ಹಾರನ್ ಹೊಡೆಯುತ್ತೆ ಅಷ್ಟೆ, ಕೂಗೋದಿಲ್ಲ” ಎನ್ನುತ್ತಿದ್ದಳು. ಸದ್ದಿರುವ ಇಂಜಿನ್ನೇ ಬೇಕೆಂದು ನಾನು ಹಠ ಹಿಡಿದದ್ದು ಅದಕ್ಕೆ.

ಈಗ ಅಭಿಪ್ರಾಯಗಳನ್ನು ಕೇಳು. ದಾರಾಶಾ ಕಣ್ಣು ಮುಚ್ಚಿ ಕೇಳಿ, “ಸೀಟಿ ಫಾರಿನ್ ಹೈ, ಅಯ್ಯಾ. ಟೋಟಲಿ ಫಾರಿನ್” ಎಂದರು. ಸರಿಯೇ. ನಮ್ಮ ಇಂಜಿನ್ನಿನ ಸಿಳ್ಳು ಸೂಜಿಯ ಹಾಗೆ ತೆಳ್ಳಗೆ ಏರುತ್ತದೆ, ಇದು ಹಾರ್ಮೋನಿಯಂನ ಮೂರು ಮನೆ ಒಟ್ಟಿಗೆ ಒತ್ತಿದ ಹಾಗೆ ಬರುತ್ತದೆ. ಉಸಿರಿನ ಲೆಕ್ಕ ಹಿಡಿದವನು ಅಣ್ಣು. ಮಂಗಳೂರಿನ ಕಡೆಯವನು, ಪರೇಲ್ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. “ನಾಲ್ಕಕ್ಕೆ ಎರಡೇ ಉಂಟು ಮಾರಾಯ್ರೆ. ಇಷ್ಟು ದುಡ್ಡಿಗೆ ಒಂದು ಒಳ್ಳೆ ಫ್ರಿಜ್ ಬರ್ತಿತ್ತು. ಅದೂ ಶಬ್ದ ಮಾಡ್ತದೆ” ಎಂದ. ಎಲ್ಲರೂ ನಕ್ಕರು. ಬಾಯಿ ಬಿಡುವಂತಿಲ್ಲವಲ್ಲ, ನಾನೂ ಸದ್ದಿಲ್ಲದೆ ನಕ್ಕೆ.

ಆ ಬಿಲ್ಡಿಂಗಿನ ವಾಚ್‌ಮನ್ ಬಂಡೆಪ್ಪ ವಾಡಿ ಜಂಕ್ಷನ್ ಕಡೆ ಇಂಜಿನ್ನಿಗೆ ಕಲ್ಲಿದ್ದಲು ಹಾಕಿದವನು. ಅವನನ್ನೂ ಮೇಲಕ್ಕೆ ಕರೆಸಿದರು. ಬಾಗಿಲಲ್ಲೇ ನಿಂತು ಕೇಳಿದ. “ಸೀಟಿ ಬಿಡ್ರಿ ಸಾಹೇಬ್ರ, ಸೀಟಿ ಯಾವ್ದರ ಇರ್ಲಿ. ಖಾಲಿ ಇದ್ದಾಗೂ ಅದೇ ಸದ್ದು, ಹತ್ತು ಡಬ್ಬಿ ಹಚ್ಚಿದಾಗೂ ಅದೇ ಸದ್ದು. ಹೊರಿ ಎಳಿಯೋ ಇಂಜಿನ್ ಹಿಂಗ ಇರಂಗಿಲ್ರಿ. ನರಳ್ತದ” ಎಂದ.

ಇದೆಲ್ಲ ಮಾರ್ಚ್ ತಿಂಗಳ ಮಾತು. ಆಮೇಲೆ ನಿನ್ನ ಅಕ್ಕ ಹೋದಳು, ನಾನು ಆ ಕಡೆ ಕಾಲಿಡಲಿಲ್ಲ, ಇಂಜಿನ್ ಅವರ ಕಪಾಟಿನಲ್ಲೇ ಉಳಿಯಿತು. ದೀಪಾವಳಿಗೆ ಅಣ್ಣು ತಾನೇ ಬಂದು ಕರೆದುಕೊಂಡು ಹೋದ. ಅಷ್ಟು ಹೊತ್ತಿಗೆ ಅವರೆಲ್ಲ ಸೇರಿ ಲ್ಯಾಮಿಂಗ್ಟನ್ ರೋಡಿನಲ್ಲಿ ಯಾರಿಂದಲೋ ಸದ್ದಿನ ಹೊಸ ಸರ್ಕಿಟ್ ಮಾಡಿಸಿಟ್ಟಿದ್ದರು. ತೆಳ್ಳಗಿನ ಸಿಳ್ಳು, ನಾಲ್ಕು ಉಸಿರು, ಡಬ್ಬಿ ಹೆಚ್ಚಿದರೆ ನರಳುವ ಸದ್ದು. ನನಗೆ ಸಮಾಧಾನವಾಗಲಿ ಎಂದು, ನನ್ನನ್ನು ಕೇಳದೆ ಮಾಡಿಸಿದ್ದು. ಹಳೆಯದನ್ನು ಕಿತ್ತರೆ ಮತ್ತೆ ಕೂಡಿಸಲು ಬರುವುದಿಲ್ಲವಂತೆ. ಬರುವ ಭಾನುವಾರ ನಾನು ಹೂಂ ಎಂದರೆ ಅಣ್ಣು ಅದರ ಮೈ ಬಿಚ್ಚಿ ಹೊಸದನ್ನು ಕೂಡಿಸುತ್ತಾನೆ, ಇಂಜಿನ್ ಪಾಸಾಗುತ್ತದೆ.

ನನಗೆ ಹೂಂ ಎನ್ನಲು ಬಾಯಿ ಬರುತ್ತಿಲ್ಲ. ಬೇಡ ಎಂದರೆ ಪಾಸಾಗದ ಇಂಜಿನ್ ಎತ್ತಿಕೊಂಡು ಹೊರಡಬೇಕು. ಇಷ್ಟೆಲ್ಲ ಮಾಡಿದವರ ಮುಂದೆ ಮುಖವಿಟ್ಟುಕೊಂಡು ಮುಂದಿನ ವಾರ ಮತ್ತೆ ಹೇಗೆ ಹೋಗಲಿ? ಕಾಲೇಜಿನಲ್ಲಿ ಲಾಜಿಕ್ ಮೇಷ್ಟ್ರು ‘ಆಲ್ ಮೆನ್ ಆರ್ ಮಾರ್ಟಲ್’ ಎಂದು ಶುರು ಮಾಡುತ್ತಿದ್ದರು. ನಡುವಿನ ವಾಕ್ಯ ಮರೆತುಹೋಗಿದೆ, ‘ದೇರ್‌ಫೋರ್’ ಒಂದು ನೆನಪಿದೆ. ದಾರಾಶಾ ಹೇಳುವುದೂ ಆ ಧಾಟಿಯಲ್ಲೇ, ದೋಷವಿದ್ದರೆ ತಿದ್ದಬೇಕು, ಇದರಲ್ಲಿ ದೋಷವಿದೆ ಎಂದು. ಅವರ ವಾದದಲ್ಲಿ ತಪ್ಪಿಲ್ಲ. ದೇರ್‌ಫೋರ್ ನಾನು ಒಪ್ಪಬೇಕು. ಆದರೆ ಸ್ಕ್ರೂಡ್ರೈವರ್ ನೋಡಿದರೆ ನನ್ನ ಕೈ ಇಂಜಿನ್ನಿನ ಮೇಲೆ ಹೋಗಿ ಕೂರುತ್ತದೆ. ಕಳೆದ ಭಾನುವಾರವೂ ಹಾಗೇ ಆಯಿತು. ಅಣ್ಣು ನೋಡಿ, “ಮುಂದಿನ ವಾರ ಆಗ್ಲಿ ಬಿಡಿ” ಎಂದ.

ಕಿಟಕಿಯ ಹತ್ತಿರ ಕುಳಿತು ಬರೆಯುತ್ತಿದ್ದೆ. ಬೆಳಕು ಇಳಿಯುತ್ತಿದೆ, ಸಾಲುಗಳು ಒಂದರ ಮೇಲೊಂದು ಹತ್ತುತ್ತಿವೆ. ಇಲ್ಲಿಗೆ ನಿಲ್ಲಿಸುತ್ತೇನೆ. ನಿನಗೂ ನಿನ್ನ ಮನೆಯವರಿಗೂ ದೇವರು ನೆಮ್ಮದಿ ಕೊಡಲಿ. ಚಳಿಯಲ್ಲಿ ಎದೆ ಮುಚ್ಚಿಕೊಂಡು ಓಡಾಡು.

ಇತಿ,
ನಿನ್ನ ಭಾವ
ಶ್ರೀಕಂಠಯ್ಯ

ತಾ.ಕ. ದೀಪ ಹಾಕಿಕೊಂಡು ಮತ್ತೆ ಕುಳಿತಿದ್ದೇನೆ. ‘ಅಕ್ಕ ಹೋಗುವ ಮೊದಲು ಇಂಜಿನ್ ಕೂಗು ಕೇಳಿದಳಲ್ಲ, ಅಷ್ಟಾದರೂ ಆಯಿತು’ ಎಂದು ನೀನು ಬರೆದಿದ್ದೆ. ಕೇಳಲಿಲ್ಲ ನಾಣಿ. ಆಸ್ಪತ್ರೆಯಿಂದ ಬಂದು ಮಲಗಿದ್ದಳು. “ಬಂದಿದೆಯಂತಲ್ಲ, ತನ್ನಿ” ಎಂದಳು. ಇನ್ನೂ ಪಾಸಾಗಿಲ್ಲ, ಸಿಳ್ಳು ಸರಿಯಿಲ್ಲ ಎಂದೆ. “ಸರಿಯಿಲ್ಲದಿದ್ರೆ ನಾನು ಹೇಳ್ತೀನಿ. ಅವರನ್ನೆಲ್ಲ ಯಾಕೆ ಕೇಳ್ತೀರಿ?” ಎಂದಳು. ಆ ಸಿಳ್ಳು ಕೇಳಿದರೆ ಅವಳು ನಕ್ಕುಬಿಡುತ್ತಾಳೆ ಎಂದು ನನಗೆ ನಾಚಿಕೆ. ಇನ್ನೊಂದು ಭಾನುವಾರ ತಡೆ ಎಂದೆ. ಹಾಗೆ ಎರಡು ಸಲ ಹೇಳಿದೆ. ಮೂರನೆಯ ಭಾನುವಾರ ಅವಳಿರಲಿಲ್ಲ.

ಅವರಿಗೆ ಬೇಡ ಎಂದೇ ಹೇಳುತ್ತೇನೆ. ತಪ್ಪೋ ಸರಿಯೋ, ನಾನು ಅವಳಿಗೆ ಕೇಳಿಸದೆ ಇಟ್ಟ ಸದ್ದು ಅದು. ತಿದ್ದಿಸಿಬಿಟ್ಟರೆ, ಅವಳು ಏನನ್ನು ಕೇಳದೆ ಹೋದಳು ಎಂಬುದೂ ನನಗೆ ಉಳಿಯುವುದಿಲ್ಲ.